ಮೆಚ್ಚಿದ ಅನಿಮೇಷನ್ ಚಿತ್ರಗಳಿಗೆ ಮುಂದಿನ ಭಾಗ ಬೇಕೆ?

ಚಂದ್ರಬಂಡ (ರಾಯಚೂರು): 2025ರ ಜುಲೈ 25ರಂದು ತೆರೆ ಕಂಡ 'ಮಹಾವತಾರ ನರಸಿಂಹ' ಭಾರತೀಯ ಅನಿಮೇಷನ್ ಚಿತ್ರಗಳ ಇತಿಹಾಸದಲ್ಲಿ ಅದುವರೆಗೆ ಕಾಣದಿದ್ದ ಗಳಿಕೆಯನ್ನು ಕಂಡಿತು. ಕೆಲವೇ ವಾರಗಳಲ್ಲಿ ವಿಶ್ವದಾದ್ಯಂತ 300 ಕೋಟಿ ರೂಪಾಯಿಗಳ ಗಡಿ ದಾಟಿದ ಈ ಚಿತ್ರ, ಅನಿಮೇಷನ್ ಎಂದರೆ ಮಕ್ಕಳಾಟ ಎಂಬ ಚಿತ್ರೋದ್ಯಮದ ಹಳೆಯ ಗ್ರಹಿಕೆಯನ್ನೇ ಅಲುಗಿಸಿತು. ಅಶ್ವಿನ್ ಕುಮಾರ್ ನಿರ್ದೇಶಿಸಿದ, ಕ್ಲೀಂ ಪ್ರೊಡಕ್ಷನ್ಸ್ ನಿರ್ಮಿಸಿದ ಚಿತ್ರವನ್ನು ಅರ್ಪಿಸಿದ್ದು ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಹೀಗಾಗಿ ಕರ್ನಾಟಕಕ್ಕೂ ಈ ಗೆಲುವಿನಲ್ಲಿ ಪಾಲುಂಟು.

ಆದರೆ ಚಿತ್ರ ತೆರೆಗೆ ಬರುವ ಮುನ್ನವೇ ಅದರ ಮುಂದಿನ ಆರು ಚಿತ್ರಗಳ ಹೆಸರು ಮತ್ತು ವರ್ಷಗಳು ಪ್ರಕಟವಾಗಿದ್ದವು ಎಂಬುದು ಗಮನಾರ್ಹ. ಸರಣಿಯ ಕೊನೆಯ ಚಿತ್ರಕ್ಕೆ ನಿಗದಿಯಾಗಿರುವ ವರ್ಷ 2037. ಮೊದಲ ಚಿತ್ರವನ್ನು ಆರನೇ ವಯಸ್ಸಿನಲ್ಲಿ ತಂದೆಯ ಹೆಗಲೇರಿ ನೋಡಿದ ಮಗು ಕೊನೆಯ ಚಿತ್ರದ ವೇಳೆಗೆ ಹದಿನೆಂಟು ತುಂಬಿ ಮತದಾರನಾಗಿರುತ್ತದೆ. ಒಂದು ಬಾಲ್ಯವನ್ನೇ ಆವರಿಸಿಕೊಳ್ಳುವ ಇಂಥ ಸರಣಿಗಳು ನಿಜಕ್ಕೂ ಬೇಕೆ? ಜನ ಮೆಚ್ಚಿದ ಕಥೆಯನ್ನು ಮುಂದುವರಿಸುವುದು ಆ ಕಥೆಗೆ ಸಲ್ಲಿಸುವ ಗೌರವವೇ ಅಥವಾ ಅದರ ಹೆಸರನ್ನು ಕರಗಿಸುವ ವ್ಯಾಪಾರವೇ? ಹಾಲಿವುಡ್ಡಿನಲ್ಲಿ ಹಳತಾಗಿರುವ ಈ ಚರ್ಚೆ ಈಗ ಕನ್ನಡದ ಅಂಗಳಕ್ಕೂ ಬಂದಿದೆ.

ಮುಂದಿನ ಭಾಗ: ಬಗೆಗಳು ಹಲವು

'ಸೀಕ್ವೆಲ್' ಎಂಬ ಒಂದೇ ಪದದಡಿ ಬೇರೆ ಬೇರೆ ಸ್ವರೂಪದ ಚಿತ್ರಗಳನ್ನು ಸೇರಿಸುವುದು ರೂಢಿಯಾಗಿದೆ. ಚರ್ಚೆ ಸ್ಪಷ್ಟವಾಗಬೇಕಾದರೆ ಇವುಗಳನ್ನು ಬಿಡಿಸಿ ನೋಡುವುದು ಅಗತ್ಯ.

ಉತ್ತರಭಾಗ: ಅದೇ ಪಾತ್ರಗಳು, ಅದೇ ಲೋಕ, ಮುಂದಿನ ಕಾಲ. 1995ರ 'ಟಾಯ್ ಸ್ಟೋರಿ'ಯ ನಂತರ 1999, 2010 ಮತ್ತು 2019ರಲ್ಲಿ ಬಂದ ಚಿತ್ರಗಳು ಈ ಬಗೆಯವು.

ಪೂರ್ವಕಥೆ: ಮೊದಲ ಚಿತ್ರಕ್ಕಿಂತ ಹಿಂದಿನ ಕಾಲದ ಕಥೆ. 2001ರ 'ಮಾನ್‌ಸ್ಟರ್ಸ್ ಇಂಕ್' ಚಿತ್ರಕ್ಕೆ 2013ರ 'ಮಾನ್‌ಸ್ಟರ್ಸ್ ಯೂನಿವರ್ಸಿಟಿ' ಇಂಥದು. ಕನ್ನಡದ ಪ್ರೇಕ್ಷಕರಿಗೆ 2025ರ 'ಕಾಂತಾರ ಚಾಪ್ಟರ್ 1' ಪರಿಚಿತ ಉದಾಹರಣೆ.

ಉಪಕಥೆ: ಮೂಲ ಚಿತ್ರದ ಒಂದು ಪಾತ್ರವನ್ನು ಎತ್ತಿಕೊಂಡು ಕಟ್ಟಿದ ಬೇರೆ ಕಥೆ. 'ಶ್ರೆಕ್' ಸರಣಿಯ ಬೆಕ್ಕನ್ನು ನಾಯಕನನ್ನಾಗಿಸಿದ 2011ರ 'ಪುಸ್ ಇನ್ ಬೂಟ್ಸ್' ಇದಕ್ಕೆ ನಿದರ್ಶನ.

ಮಾಲಿಕೆ: ಒಂದೇ ದಾರಕ್ಕೆ ಪೋಣಿಸಿದ, ಆದರೆ ತಮ್ಮಷ್ಟಕ್ಕೆ ಪೂರ್ಣವಾದ ಕಥೆಗಳು. 'ಮಹಾವತಾರ' ಸರಣಿ ಬಹುಮಟ್ಟಿಗೆ ಈ ಕೊನೆಯ ಬಗೆಗೆ ಸೇರುತ್ತದೆ. ನರಸಿಂಹಾವತಾರದ ಕಥೆ ಹಿರಣ್ಯಕಶಿಪುವಿನ ವಧೆಯೊಂದಿಗೆ ಮುಗಿಯುತ್ತದೆ. ಪರಶುರಾಮನ ಕಥೆ ಅದರ ಉತ್ತರಭಾಗವಲ್ಲ, ದಶಾವತಾರದ ಇನ್ನೊಂದು ಅಧ್ಯಾಯ.

ಪ್ರಕಟಿತ ವೇಳಾಪಟ್ಟಿ ಹೀಗಿದೆ:

ಮಹಾವತಾರ ನರಸಿಂಹ – 2025 (ಬಿಡುಗಡೆಯಾಗಿದೆ)
ಮಹಾವತಾರ ಪರಶುರಾಮ – 2027
ಮಹಾವತಾರ ರಘುನಂದನ – 2029
ಮಹಾವತಾರ ದ್ವಾರಕಾಧೀಶ – 2031
ಮಹಾವತಾರ ಗೋಕುಲಾನಂದ – 2033
ಮಹಾವತಾರ ಕಲ್ಕಿ, ಭಾಗ 1 – 2035
ಮಹಾವತಾರ ಕಲ್ಕಿ, ಭಾಗ 2 – 2037

ಹಾಲಿವುಡ್ ನಡೆದು ಬಂದ ದಾರಿ

ವಾಲ್ಟ್ ಡಿಸ್ನಿ 1937ರಲ್ಲಿ 'ಸ್ನೋ ವೈಟ್' ಚಿತ್ರವನ್ನು ತೆರೆಗೆ ತಂದಾಗ ಅದರ ಜನಪ್ರಿಯತೆ ಅಪಾರವಾಗಿತ್ತು. ಆದರೂ ಅದಕ್ಕೆ ಉತ್ತರಭಾಗ ಬರಲಿಲ್ಲ. ಡಿಸ್ನಿ ಸಂಸ್ಥೆಯ ಅನಿಮೇಷನ್ ವಿಭಾಗ ಚಿತ್ರಮಂದಿರಕ್ಕೆಂದೇ ಉತ್ತರಭಾಗವೊಂದನ್ನು ತಯಾರಿಸಿದ್ದು ಐದು ದಶಕಗಳ ಬಳಿಕ, 1990ರಲ್ಲಿ. 1977ರ 'ದ ರೆಸ್ಕ್ಯೂಯರ್ಸ್' ಚಿತ್ರದ ಮುಂದುವರಿಕೆಯಾದ ಅದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು.

ಬಳಿಕ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. 1994ರಲ್ಲಿ 'ಅಲ್ಲಾದ್ದೀನ್' ಚಿತ್ರದ ಮುಂದಿನ ಭಾಗವನ್ನು ಕಡಿಮೆ ವೆಚ್ಚದಲ್ಲಿ ತಯಾರಿಸಿ, ಚಿತ್ರಮಂದಿರಕ್ಕೆ ಕಳುಹಿಸದೆ ನೇರವಾಗಿ ವಿಡಿಯೊ ಕ್ಯಾಸೆಟ್ ರೂಪದಲ್ಲಿ ಮಾರಾಟಕ್ಕಿಟ್ಟಿತು. ಕ್ಯಾಸೆಟ್‌ಗಳು ಬಿಸಿ ಬಿಸಿಯಾಗಿ ಖರ್ಚಾದವು. ಆನಂತರ 'ಲಯನ್ ಕಿಂಗ್', 'ಸಿಂಡ್ರೆಲ್ಲಾ', 'ಬ್ಯಾಂಬಿ' ಮೊದಲಾದ ಹಳೆಯ ಮೆಚ್ಚಿನ ಚಿತ್ರಗಳಿಗೆಲ್ಲ ಇದೇ ಮಾದರಿಯ ಎರಡನೇ ಭಾಗಗಳು ಬಂದವು. ಹಣ ಬಂದಿತು, ಆದರೆ ಮೂಲ ಚಿತ್ರಗಳ ಸೊಗಸು ಇವುಗಳಲ್ಲಿ ಇಲ್ಲವೆಂಬ ದೂರು ಬೆಳೆಯುತ್ತ ಹೋಯಿತು. 2006ರಲ್ಲಿ ಡಿಸ್ನಿ ಪಿಕ್ಸರ್ ಸಂಸ್ಥೆಯನ್ನು ಕೊಂಡುಕೊಂಡ ಬಳಿಕ ಸೃಜನಶೀಲ ವಿಭಾಗದ ಹೊಣೆ ಹೊತ್ತ ಜಾನ್ ಲಾಸೆಟರ್ ಈ ಅಗ್ಗದ ಉತ್ತರಭಾಗಗಳ ತಯಾರಿಕೆಗೆ ತಡೆ ಹಾಕಿದರು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ 'ಟಾಯ್ ಸ್ಟೋರಿ 2'. ಅದನ್ನೂ ಆರಂಭದಲ್ಲಿ ನೇರ ವಿಡಿಯೊ ಮಾರಾಟಕ್ಕೆಂದೇ ಯೋಜಿಸಲಾಗಿತ್ತು. ತಯಾರಾಗುತ್ತಿದ್ದ ಚಿತ್ರ ತೃಪ್ತಿ ತರದ ಕಾರಣ, ಬಿಡುಗಡೆಗೆ ಸುಮಾರು ಒಂಬತ್ತು ತಿಂಗಳಷ್ಟೇ ಉಳಿದಿರುವಾಗ ಪಿಕ್ಸರ್ ತಂಡ ಕಥೆಯ ಬಹುಭಾಗವನ್ನು ಹೊಸದಾಗಿ ಕಟ್ಟಿತು. ಚಿತ್ರ ಗೆದ್ದಿತು. ಆದರೆ ಬಿಡುವಿಲ್ಲದ ದುಡಿಮೆಯಿಂದ ಹಲವು ಕಲಾವಿದರ ಕೈ ಮತ್ತು ಮಣಿಕಟ್ಟುಗಳು ನೋವಿಗೆ ತುತ್ತಾದವು. ಉತ್ತಮ ಉತ್ತರಭಾಗ ಸುಲಭವಾಗಿ ಹುಟ್ಟುವುದಿಲ್ಲ ಎಂಬ ಮಾತಿಗೆ ಇದು ಸಾಕ್ಷಿ.

ಅಂಕಿ-ಅಂಶ ಏನು ಹೇಳುತ್ತದೆ?

ನಿರ್ಮಾಪಕರ ದೃಷ್ಟಿಯಿಂದ ನೋಡಿದರೆ ಲೆಕ್ಕ ಸರಳವಾಗಿದೆ. ಸುಮಾರು 3 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾದ ಮೊದಲ 'ಟಾಯ್ ಸ್ಟೋರಿ' 36 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಮೂರನೆಯ ಮತ್ತು ನಾಲ್ಕನೆಯ ಭಾಗಗಳು ತಲಾ 100 ಕೋಟಿ ಡಾಲರ್ ದಾಟಿದವು. ಎರಡೂ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆ ನೀಡುವ ಆಸ್ಕರ್ ಪ್ರಶಸ್ತಿಯನ್ನೂ ಪಡೆದವು. ಐದನೆಯ ಭಾಗಕ್ಕೆ 2026ರ ಜೂನ್ ತಿಂಗಳನ್ನು ಗೊತ್ತುಪಡಿಸಲಾಯಿತು. 2024ರಲ್ಲಿ 'ಇನ್‌ಸೈಡ್ ಔಟ್ 2' ಸುಮಾರು 169 ಕೋಟಿ ಡಾಲರ್ ಗಳಿಸಿ ಆ ವರ್ಷದ ಅಗ್ರಸ್ಥಾನ ಪಡೆಯಿತು. ಅದೇ ವರ್ಷ ತೆರೆ ಕಂಡ 'ಮೋನಾ 2' ಮೂಲತಃ ಅಂತರಜಾಲ ಧಾರಾವಾಹಿಯಾಗಿ ಯೋಜಿತವಾಗಿ, ಬಳಿಕ ಚಲನಚಿತ್ರವಾಗಿ ಬದಲಾದದ್ದು. ಅದೂ 100 ಕೋಟಿ ಡಾಲರ್ ದಾಟಿತು.

ಈ ಎಲ್ಲವನ್ನೂ ಮೀರಿಸಿದ್ದು ಚೀನಾದ 'ನೇಝಾ 2'. 2025ರ ಆರಂಭದಲ್ಲಿ ಬಿಡುಗಡೆಯಾದ ಈ ಉತ್ತರಭಾಗ 200 ಕೋಟಿ ಡಾಲರ್ ದಾಟಿದ ಮೊದಲ ಅನಿಮೇಷನ್ ಚಿತ್ರವೆನಿಸಿತು. ಚೀನಾದ ಪುರಾಣದ ಬಾಲವೀರನಾದ ಈ ನೇಝಾನ ಮೂಲವನ್ನು ವಿದ್ವಾಂಸರು ಕುಬೇರನ ಮಗ ನಳಕೂಬರನಲ್ಲಿ ಗುರುತಿಸುತ್ತಾರೆ. ಭಾಗವತದಲ್ಲಿ ಮತ್ತಿಮರವಾಗಿ ನಿಂತು, ಒರಳಿಗೆ ಕಟ್ಟಿಸಿಕೊಂಡ ಬಾಲಕೃಷ್ಣನಿಂದ ಶಾಪವಿಮೋಚನೆ ಪಡೆಯುವ ನಳಕೂಬರ ಬೌದ್ಧ ಗ್ರಂಥಗಳ ಮೂಲಕ ಚೀನಾ ಸೇರಿ, ಅಲ್ಲಿ ಬೇರೆಯೇ ರೂಪ ತಳೆದು, ಕೊನೆಗೆ ಜಗತ್ತಿನ ದಾಖಲೆ ಮುರಿದ ಚಿತ್ರದ ನಾಯಕನಾದದ್ದು ಕುತೂಹಲಕರ.

ಆದರೆ ಹೆಸರೊಂದೇ ಗೆಲುವಿನ ಖಾತರಿಯಲ್ಲ. 'ಟಾಯ್ ಸ್ಟೋರಿ'ಯ ಪಾತ್ರವನ್ನೇ ಆಧರಿಸಿದ 2022ರ 'ಲೈಟ್‌ಇಯರ್' ಸುಮಾರು 20 ಕೋಟಿ ಡಾಲರ್ ವೆಚ್ಚಕ್ಕೆ 22.6 ಕೋಟಿ ಡಾಲರ್‌ನಷ್ಟೇ ಗಳಿಸಿ, ಪ್ರಚಾರದ ವೆಚ್ಚ ಮತ್ತು ಚಿತ್ರಮಂದಿರಗಳ ಪಾಲನ್ನು ಕಳೆದರೆ ನಷ್ಟಕ್ಕೆ ಈಡಾಯಿತು. ಇನ್ನೊಂದೆಡೆ ಹೊಸ ಕಥೆಗಳ ಸ್ಥಿತಿಯೂ ಆಶಾದಾಯಕವಾಗಿಲ್ಲ. 2025ರಲ್ಲಿ ಪಿಕ್ಸರ್ ತಂದ ಸ್ವತಂತ್ರ ಕಥೆ 'ಎಲಿಯೊ' ಆ ಸಂಸ್ಥೆಯ ಚರಿತ್ರೆಯಲ್ಲೇ ಅತ್ಯಂತ ದುರ್ಬಲ ಆರಂಭ ಕಂಡಿತು. ಹೊಸದನ್ನು ಕೊಡಿ ಎಂದು ಕೇಳುವ ಪ್ರೇಕ್ಷಕನೇ ಟಿಕೆಟ್ ಕೊಳ್ಳುವಾಗ ಹಳೆಯ ಹೆಸರನ್ನು ಹುಡುಕುತ್ತಾನೆ ಎಂಬ ನಿರ್ಮಾಪಕರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ನಿರ್ಮಾಪಕರ ಒಲವಿಗೆ ಕಾರಣ

ಅನಿಮೇಷನ್ ಚಿತ್ರಗಳಲ್ಲಿ ಉತ್ತರಭಾಗದ ಆಕರ್ಷಣೆ ಇತರ ಚಿತ್ರಗಳಿಗಿಂತ ಹೆಚ್ಚು. ಇದಕ್ಕೆ ಕೆಲವು ವಿಶಿಷ್ಟ ಕಾರಣಗಳಿವೆ. ಇಲ್ಲಿನ ನಾಯಕನಿಗೆ ವಯಸ್ಸಾಗುವುದಿಲ್ಲ, ಸಂಭಾವನೆ ಏರಿಸುವುದಿಲ್ಲ, ದಿನಾಂಕ ಕೊಡಲು ನಿರಾಕರಿಸುವುದಿಲ್ಲ. 'ದ ಇನ್‌ಕ್ರೆಡಿಬಲ್ಸ್' 2004ರಲ್ಲಿ ನಿಂತ ಕಡೆಯಿಂದಲೇ ಅದರ ಎರಡನೇ ಭಾಗ 2018ರಲ್ಲಿ ಆರಂಭವಾಯಿತು. ನಡುವೆ 14 ವರ್ಷ ಕಳೆದಿದ್ದರೂ ತೆರೆಯ ಮೇಲಿನ ಮಗು ಇನ್ನೂ ತೊಟ್ಟಿಲಲ್ಲೇ ಇತ್ತು.

ಗಣಕಯಂತ್ರದಲ್ಲಿ ಒಮ್ಮೆ ರೂಪಿಸಿದ ಪಾತ್ರದ ಮಾದರಿ, ಅರಮನೆ, ಕಾಡು, ಆಯುಧಗಳ ವಿನ್ಯಾಸಗಳನ್ನು ಪರಿಷ್ಕರಿಸಿ ಮತ್ತೆ ಬಳಸಬಹುದು. ತರಬೇತಿ ಪಡೆದ ಕಲಾವಿದರ ತಂಡ ಚದುರದೆ ಉಳಿಯುತ್ತದೆ. ಶಾಲಾಚೀಲ, ಊಟದ ಡಬ್ಬಿ, ಆಟಿಕೆಗಳ ಮಾರಾಟ ಪ್ರತಿ ಹೊಸ ಭಾಗದೊಂದಿಗೆ ಮತ್ತೆ ಚುರುಕಾಗುತ್ತದೆ. ಮೊದಲ ಚಿತ್ರ ನೋಡಿದ ಮಗು ತಂದೆಯಾಗಿ ತನ್ನ ಮಗುವನ್ನು ಕರೆತರುತ್ತಾನೆ. ಹೀಗೆ ಒಂದೇ ಹೆಸರಿಗೆ ಎರಡು ತಲೆಮಾರಿನ ಪ್ರೇಕ್ಷಕರು ದೊರೆಯುತ್ತಾರೆ.

ಭಾರತದ ಅನುಭವ

ನಮ್ಮ ದೇಶದಲ್ಲಿ ಈ ಪ್ರಯೋಗ ಆರಂಭವಾದದ್ದು 2005ರ ಅಕ್ಟೋಬರಿನಲ್ಲಿ ಬಂದ 'ಹನುಮಾನ್' ಚಿತ್ರದಿಂದ. ಅದರ ಗೆಲುವು ದೇಶೀ ಅನಿಮೇಷನ್‌ಗೆ ಮಾರುಕಟ್ಟೆಯಿದೆ ಎಂಬ ಧೈರ್ಯ ತುಂಬಿತು. ಎರಡೇ ವರ್ಷದಲ್ಲಿ, 2007ರ ಡಿಸೆಂಬರಿನಲ್ಲಿ, ಅನುರಾಗ್ ಕಶ್ಯಪ್ ನಿರ್ದೇಶನದ 'ರಿಟರ್ನ್ ಆಫ್ ಹನುಮಾನ್' ತೆರೆ ಕಂಡಿತು. ಹೆಸರಿನಲ್ಲಿ ಮುಂದುವರಿಕೆಯಿದ್ದರೂ ಕಥೆ ಬೇರೆ. ಇಲ್ಲಿ ಹನುಮಂತ ಇಂದಿನ ಕಾಲದ ಶಾಲಾ ಬಾಲಕನಾಗಿ ಹುಟ್ಟಿ ಬರುತ್ತಾನೆ. 2007ರ 'ಬಾಲ ಗಣೇಶ' ಚಿತ್ರಕ್ಕೆ 2009 ಮತ್ತು 2015ರಲ್ಲಿ ಮತ್ತೆರಡು ಭಾಗಗಳು ಬಂದವು. ಸಿಖ್ ಇತಿಹಾಸ ಆಧರಿಸಿದ 2014ರ 'ಚಾರ್ ಸಾಹಿಬ್‌ಜಾದೆ' ಚಿತ್ರಕ್ಕೆ 2016ರಲ್ಲಿ ಉತ್ತರಭಾಗ ಸೇರಿತು.

ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ 'ಛೋಟಾ ಭೀಮ್' ಇವೆಲ್ಲಕ್ಕಿಂತ ಭಿನ್ನ. 2008ರಲ್ಲಿ ಕಿರುತೆರೆಯಲ್ಲಿ ಆರಂಭವಾದ ಈ ಪಾತ್ರ ಧಾರಾವಾಹಿ, ಟಿವಿ ಚಿತ್ರ, ಬೆಳ್ಳಿತೆರೆ ಎಲ್ಲೆಡೆಯೂ ವಿಸ್ತರಿಸಿತು. 2012ರ ಅನಿಮೇಷನ್ ಚಿತ್ರ 'ಕರ್ಸ್ ಆಫ್ ದಮ್ಯಾನ್' 2024ರಲ್ಲಿ ನಿಜ ನಟರ ಚಿತ್ರವಾಗಿಯೂ ಮರುಹುಟ್ಟು ಪಡೆಯಿತು.

ಇದೇ ಅವಧಿಯಲ್ಲಿ ಮುಂದಿನ ಭಾಗ ಕಾಣದೆ ಉಳಿದ ಗಮನಾರ್ಹ ಚಿತ್ರಗಳೂ ಇವೆ. 'ಹಾಲು ಜೇನು', 'ಶ್ರಾವಣ ಬಂತು' ಚಿತ್ರಗಳಿಂದ ಕನ್ನಡಿಗರಿಗೆ ಆಪ್ತರಾದ ಸಿಂಗೀತಂ ಶ್ರೀನಿವಾಸರಾವ್ 2008ರಲ್ಲಿ 'ಘಟೋತ್ಕಚ' ಎಂಬ ಅನಿಮೇಷನ್ ಚಿತ್ರ ನಿರ್ದೇಶಿಸಿದರು. ಅರ್ನಬ್ ಚೌಧುರಿ ಅವರ 2012ರ 'ಅರ್ಜುನ್' ಕಲೆಯ ದೃಷ್ಟಿಯಿಂದ ಮೆಚ್ಚುಗೆ ಪಡೆದರೂ ಗಲ್ಲಾಪೆಟ್ಟಿಗೆಯಲ್ಲಿ ಹಿಂದೆ ಬಿತ್ತು. ಭಾರತ-ಜಪಾನ್ ಸಹಯೋಗದಲ್ಲಿ ಯುಗೊ ಸಾಕೊ ಮತ್ತು ರಾಮ್ ಮೋಹನ್ ಮೊದಲಾದವರು ರೂಪಿಸಿದ, ತೊಂಬತ್ತರ ದಶಕದ ಆರಂಭದ ರಾಮಾಯಣ ಚಿತ್ರ ಟಿವಿಯ ಮೂಲಕವೇ ಒಂದು ಪೀಳಿಗೆಯ ಮನದಲ್ಲಿ ನೆಲೆನಿಂತಿತು. ಅದಕ್ಕೆ ಯಾರೂ ಎರಡನೇ ಭಾಗ ಮಾಡಲಿಲ್ಲ. ಬದಲಿಗೆ 2025ರ ಜನವರಿ 24ರಂದು ಅದೇ ಚಿತ್ರವನ್ನು ಶುದ್ಧೀಕರಿಸಿ ಚಿತ್ರಮಂದಿರಗಳಿಗೆ ತರಲಾಯಿತು. ಮೆಚ್ಚಿದ ಚಿತ್ರದ ಮೇಲಿನ ಪ್ರೀತಿಯನ್ನು ತಣಿಸಲು ಮರುಬಿಡುಗಡೆ ಎಂಬ ಇನ್ನೊಂದು ದಾರಿಯೂ ಇದೆ ಎಂಬುದನ್ನು ಇದು ತೋರಿಸಿತು.

ಪರರ ಉತ್ತರಭಾಗಕ್ಕೆ ಬೆಂಗಳೂರಿನ ದುಡಿಮೆ

ಅನಿಮೇಷನ್ ಉದ್ಯಮಕ್ಕೆಂದೇ ಪ್ರತ್ಯೇಕ ನೀತಿಯನ್ನು 2012ರಷ್ಟು ಹಿಂದೆಯೇ ರೂಪಿಸಿದ ರಾಜ್ಯ ಕರ್ನಾಟಕ. 2024ರಿಂದ 2029ರವರೆಗಿನ ಅವಧಿಗೆ ಮೂರನೆಯ ನೀತಿ ಜಾರಿಗೆ ಬಂದಿದೆ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ಸಾವಿರಾರು ಯುವಕ ಯುವತಿಯರು ಎರಡು ದಶಕಗಳಿಂದ ದುಡಿಯುತ್ತಿದ್ದಾರೆ. ಆದರೆ ಆ ದುಡಿಮೆಯ ದೊಡ್ಡ ಪಾಲು ಸಲ್ಲುವುದು ವಿದೇಶಿ ಚಿತ್ರಗಳಿಗೆ. ಅಮೆರಿಕದ ಡ್ರೀಮ್‌ವರ್ಕ್ಸ್ ಸಂಸ್ಥೆಗಾಗಿ ಬೆಂಗಳೂರಿನಲ್ಲಿ ಮೀಸಲು ತಂಡವೊಂದು ಕೆಲಸ ಮಾಡುತ್ತಿತ್ತು. ಮೇಲೆ ಹೇಳಿದ 'ಪುಸ್ ಇನ್ ಬೂಟ್ಸ್' ಚಿತ್ರದ ಬೆಕ್ಕಿನ ಚಲನವಲನದಲ್ಲಿ ಇಲ್ಲಿನ ಕಲಾವಿದರ ಕೈಚಳಕವೂ ಸೇರಿತ್ತು.

ಪರರ ಕಥೆಗಳ ಮುಂದುವರಿಕೆಯನ್ನು ನೆಚ್ಚಿಕೊಂಡ ಈ ಬದುಕು ಎಷ್ಟು ಅಭದ್ರ ಎಂಬುದು 2025ರ ಫೆಬ್ರುವರಿಯಲ್ಲಿ ಬಯಲಾಯಿತು. ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಆರ್ಥಿಕವಾಗಿ ಕುಸಿದಾಗ, ಭಾರತದ ಘಟಕಗಳೂ ಬಾಗಿಲು ಮುಚ್ಚಿದವು. ಬೆಂಗಳೂರು ಮತ್ತು ಮುಂಬೈಗಳಲ್ಲಿ ಸುಮಾರು 3,000 ಮಂದಿ ಉದ್ಯೋಗ ಕಳೆದುಕೊಂಡರೆಂದು ವರದಿಯಾಯಿತು. ಪ್ಯಾರಿಸ್ಸಿನ ಲೆಕ್ಕಪತ್ರದಲ್ಲಿ ಆದ ಏರುಪೇರು ಬೆಂಗಳೂರಿನ ಬಾಡಿಗೆ ಮನೆಗಳ ಒಲೆಯನ್ನು ತಟ್ಟಿತು.

ಈ ಹಿನ್ನೆಲೆಯಲ್ಲಿ ನೋಡಿದಾಗ 'ಮಹಾವತಾರ'ದಂಥ ಸ್ವಂತ ಸರಣಿಗೆ ಇನ್ನೊಂದು ಅರ್ಥ ಬರುತ್ತದೆ. ಹನ್ನೆರಡು ವರ್ಷಗಳ ವೇಳಾಪಟ್ಟಿ ಎಂದರೆ ಕಲಾವಿದರಿಗೆ ಹನ್ನೆರಡು ವರ್ಷಗಳ ಕೆಲಸದ ಭರವಸೆ. ಸರಣಿಯ ಪರವಾಗಿ ಹೇಳಬಹುದಾದ ಬಲವಾದ ಮಾತುಗಳಲ್ಲಿ ಇದೂ ಒಂದು.

ಪ್ರಹ್ಲಾದನ ಕಥೆಗೆ ಎಡೆದೊರೆ ನಾಡಿನ ಮುಂದುವರಿಕೆ

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಗೆ ನರಸಿಂಹ-ಪ್ರಹ್ಲಾದರ ಕಥೆ ಸಿನಿಮಾ ಪರದೆಯಿಂದ ಬಂದದ್ದಲ್ಲ. ತುಂಗಭದ್ರೆಯ ಆಚೆ ದಡದ ಮಂತ್ರಾಲಯದಲ್ಲಿ 1671ರಲ್ಲಿ ವೃಂದಾವನಸ್ಥರಾದ ರಾಘವೇಂದ್ರ ಸ್ವಾಮಿಗಳನ್ನು ಭಕ್ತರು ಪ್ರಹ್ಲಾದನ ಅವತಾರವೆಂದೇ ನಂಬುತ್ತಾರೆ. ಅವರು ತಪಸ್ಸು ಮಾಡಿದರೆನ್ನಲಾದ ಪಂಚಮುಖಿ ಆಂಜನೇಯ ಕ್ಷೇತ್ರ ರಾಯಚೂರು ತಾಲ್ಲೂಕಿನ ಗಾಣಧಾಳದಲ್ಲಿದೆ. 'ಹರಿಕಥಾಮೃತಸಾರ'ದ ಕರ್ತೃ, ಮಾನ್ವಿಯ ಜಗನ್ನಾಥದಾಸರು ಪ್ರಹ್ಲಾದನ ಸೋದರನಾದ ಸಹ್ಲಾದನ ಅಂಶವೆಂಬುದು ದಾಸಪರಂಪರೆಯ ನಂಬಿಕೆ. ಮಾನ್ವಿಯ ಅವರ ಮನೆಯ ಕಂಬದಲ್ಲಿ ದಾಸರು ಇಂದಿಗೂ ನೆಲೆಸಿದ್ದಾರೆಂದು ಭಕ್ತರು ಪೂಜೆ ಸಲ್ಲಿಸುತ್ತಾರೆ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು ಇದೇ ಪರಂಪರೆಯ ಹಿರಿಯರು.

ಅಂದರೆ, ಕಂಬ ಒಡೆದು ನರಸಿಂಹ ಹೊರಬಂದ ಮೇಲೆ ಪ್ರಹ್ಲಾದನಿಗೆ ಏನಾಯಿತು ಎಂಬ ಪ್ರಶ್ನೆಗೆ ಈ ನಾಡು ಶತಮಾನಗಳ ಹಿಂದೆಯೇ ತನ್ನದೇ ಉತ್ತರ ಕಂಡುಕೊಂಡಿದೆ. ಅರಮನೆಯ ಬಾಲಕ ಸನ್ಯಾಸಿಯಾಗಿ ತುಂಗಾತೀರಕ್ಕೆ ಬಂದ, ಅವನ ಸೋದರ ದಾಸನಾಗಿ ಮಾನ್ವಿಯಲ್ಲಿ ಹಾಡಿದ. ಮುಂದಿನ ಭಾಗ ಬೇಕೆನ್ನುವ ಹಂಬಲ ಮಾರುಕಟ್ಟೆ ಕಲಿಸಿದ್ದಲ್ಲ, ಅದು ಕೇಳುಗನ ಮನಸ್ಸಿನಲ್ಲೇ ಇದೆ ಎನ್ನುವವರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಆದರೆ ಒಂದು ವ್ಯತ್ಯಾಸವುಂಟು. ಇಲ್ಲಿ ಕಥೆ ಮುಂದುವರಿದದ್ದು ಜನರಿಗೆ ಅದರ ಅಗತ್ಯ ಬಿದ್ದಾಗ, ಅವರ ಊರಿಗೆ, ಅವರ ನುಡಿಗೆ ಒಗ್ಗಿಕೊಂಡು. ಅದಕ್ಕೆ ಬಿಡುಗಡೆಯ ದಿನಾಂಕ ಇರಲಿಲ್ಲ.

ಬೆಳ್ಳಿತೆರೆಯಲ್ಲೂ ಈ ಕಥೆ ಹೊಸದಲ್ಲ. 1983ರ 'ಭಕ್ತ ಪ್ರಹ್ಲಾದ' ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಹಿರಣ್ಯಕಶಿಪುವಾಗಿ, ಬಾಲಕ ಪುನೀತ್ ಪ್ರಹ್ಲಾದನಾಗಿ ಅಭಿನಯಿಸಿದ್ದನ್ನು ಕನ್ನಡಿಗರು ಮರೆತಿಲ್ಲ. 'ಮಹಾವತಾರ ನರಸಿಂಹ' ಆ ನೆನಪಿನ ಮೇಲೆಯೇ ನಿಂತ ಚಿತ್ರ. ಕಥೆ ಗೊತ್ತಿದ್ದೂ ಜನ ಬಂದರೆಂದರೆ, ಅವರು ಬಂದದ್ದು ಮುಂದೇನಾಗುತ್ತದೆಂದು ತಿಳಿಯಲು ಅಲ್ಲ, ಗೊತ್ತಿರುವುದನ್ನು ಹೊಸ ಕಣ್ಣಿನಿಂದ ಕಾಣಲು.

ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ದೀಪದ ಬೆಳಕಿನಲ್ಲಿ ಬಣ್ಣದ ತೊಗಲನ್ನು ಪರದೆಗೆ ಒತ್ತಿ, ಬೊಂಬೆಗೆ ಮಾತು ಮತ್ತು ನಡೆ ಕೊಡುವ ಈ ಕಲೆ ಅನಿಮೇಷನ್ನಿನ ಹಿರಿಯಕ್ಕನೇ ಸರಿ. ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ತಲೆಮಾರುಗಳಿಂದ ಆಡುತ್ತ ಬಂದರೂ ಅದು ಹಳಸಿಲ್ಲ. ಕಾರಣ, ಪ್ರತಿ ರಾತ್ರಿಯ ಆಟವೂ ಆ ಊರಿನ ಕೇಳುಗರಿಗೆ ತಕ್ಕಂತೆ ಮಾತು ಬದಲಿಸುತ್ತದೆ.

ಮುಗಿದ ಕಥೆಗೆ ಪುಣ್ಯಕೋಟಿ ಸಾಕ್ಷಿ

ಮುಂದುವರಿಸಲಾಗದ ಕಥೆಗಳೂ ಇವೆ. ಕನ್ನಡದ ಮಕ್ಕಳೆಲ್ಲರೂ ಬಲ್ಲ ಪುಣ್ಯಕೋಟಿಯ ಕಥೆಯನ್ನು ಬೆಂಗಳೂರಿನ ರವಿಶಂಕರ್ ವೆಂಕಟೇಶ್ವರನ್ ಅನಿಮೇಷನ್ ಚಿತ್ರವನ್ನಾಗಿಸಿದರು. ಸಾರ್ವಜನಿಕರಿಂದ ಹಣ ಸಂಗ್ರಹಿಸಿ, ಹಲವು ವರ್ಷ ಶ್ರಮಿಸಿ ತಯಾರಿಸಿದ ಈ ಚಿತ್ರಕ್ಕೆ ಇಳಯರಾಜ ಸಂಗೀತ ನೀಡಿದರು. 2020ರಲ್ಲಿ ಪ್ರೇಕ್ಷಕರನ್ನು ತಲುಪಿದ ಇದರ ಭಾಷೆ ಸಂಸ್ಕೃತ. ಕನ್ನಡದ ಅತ್ಯಂತ ಆಪ್ತ ಕಥೆಯೊಂದು ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರವಾದಾಗ ಅದು ಆಡಿದ ನುಡಿ ಕನ್ನಡವಾಗಿರಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ.

ಈ ಕಥೆಯಲ್ಲಿ ಹಸು ಮಾತಿಗೆ ತಪ್ಪದೆ ಮರಳುತ್ತದೆ, ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ. ಅಲ್ಲಿಗೆ ಎಲ್ಲವೂ ಮುಗಿಯಿತು. ಹುಲಿಯ ಮಗ ಸೇಡಿಗೆ ಬಂದನೆಂದೋ, ಕರು ದೊಡ್ಡದಾಗಿ ಕಾಡಿಗೆ ಹೋಯಿತೆಂದೋ ಎರಡನೇ ಭಾಗ ಕಟ್ಟಿದರೆ ಮೊದಲ ಭಾಗದ ಸತ್ಯವೇ ಸಡಿಲವಾಗುತ್ತದೆ. ಜಪಾನಿನ ಘಿಬ್ಲಿ ಸ್ಟುಡಿಯೊ ಅನುಸರಿಸಿದ ದಾರಿಯೂ ಇದೇ ವಿವೇಕದ್ದು. ಹಯಾವೊ ಮಿಯಾಝಾಕಿ ಅವರ 'ಮೈ ನೇಬರ್ ಟೊಟೊರೊ' 1988ರಿಂದ ಜಗತ್ತಿನಾದ್ಯಂತ ಮಕ್ಕಳ ಪ್ರೀತಿ ಗಳಿಸಿದೆ. ಅದಕ್ಕೆ ಪೂರ್ಣ ಪ್ರಮಾಣದ ಉತ್ತರಭಾಗ ಬಂದಿಲ್ಲ. ಆ ಲೋಕಕ್ಕೆ ಸೇರಿದ 2002ರ ಕಿರುಚಿತ್ರವೊಂದನ್ನು ಘಿಬ್ಲಿಯ ವಸ್ತುಸಂಗ್ರಹಾಲಯದಲ್ಲಿ ತೋರಿಸಲಾಗಿದೆ.

ಯಾವ ಭಾಷೆಯಲ್ಲಿ ಮುಂದಿನ ಭಾಗ?

ತೆಲಂಗಾಣದ ಗಡಿಗೆ ಸಮೀಪದ ಚಂದ್ರಬಂಡದಂಥ ಊರುಗಳಲ್ಲಿ ಉತ್ತರಭಾಗದ ಪ್ರಶ್ನೆಗಿಂತ ಮೊದಲು ಏಳುವುದು ಭಾಷೆಯ ಪ್ರಶ್ನೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಟಿವಿಯಲ್ಲಿ ಹಿಂದಿ ಕೇಳಿ ಬೆಳೆಯುವ ಗಡಿಯ ಮಗುವಿಗೆ ಅನಿಮೇಷನ್ ಚಿತ್ರ ಬಹುಕಾಲ ದೊರೆತದ್ದು ಕನ್ನಡವನ್ನು ಬಿಟ್ಟು ಉಳಿದ ಭಾಷೆಗಳಲ್ಲಿ. 1960ರ ದಶಕದ ಚಳವಳಿಯ ಬಳಿಕ ಪರಭಾಷಾ ಚಿತ್ರಗಳ ಕನ್ನಡ ಡಬ್ಬಿಂಗ್ ನಿಂತುಹೋಗಿತ್ತು. ಕನ್ನಡ ಚಿತ್ರರಂಗದ ಉಳಿವಿಗೆ ಆಗ ಅದು ಅಗತ್ಯವಾಗಿತ್ತು ಎಂದು ವಾದಿಸುವವರು ಇಂದಿಗೂ ಇದ್ದಾರೆ. ಆದರೆ ಮಕ್ಕಳ ಚಿತ್ರಗಳ ಮಟ್ಟಿಗೆ ಅದರ ಪರಿಣಾಮ ಬೇರೆಯಾಯಿತು. 2009ರಲ್ಲಿ ಆರಂಭವಾದ ಚಿಂಟು ಟಿವಿ ಕಿರುತೆರೆಯ ಕಾರ್ಟೂನುಗಳನ್ನು ಕನ್ನಡದಲ್ಲಿ ಕೊಟ್ಟಿತಾದರೂ ಚಿತ್ರಮಂದಿರದ ಬಾಗಿಲು ಮುಚ್ಚಿಯೇ ಇತ್ತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದರ ವಿರುದ್ಧ ಆದೇಶ ನೀಡಿದ ಮೇಲಷ್ಟೇ ಪರಿಸ್ಥಿತಿ ನಿಧಾನವಾಗಿ ಬದಲಾಯಿತು.

ಆದರೂ ಅಭ್ಯಾಸ ಪೂರ್ತಿ ಬದಲಾಗಿಲ್ಲ. ಮೇಲೆ ಹೇಳಿದ ರಾಮಾಯಣ ಚಿತ್ರ 2025ರಲ್ಲಿ ಮರಳಿ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿ ಬಂದಿತು, ಕನ್ನಡದಲ್ಲಿ ಬರಲಿಲ್ಲ. 'ಮಹಾವತಾರ ನರಸಿಂಹ' ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಬಂದದ್ದು ಆ ಕಾರಣಕ್ಕೆ ಮಹತ್ವದ್ದು. ಆದರೆ ಅದರ ಗಳಿಕೆಯ ಸಿಂಹಪಾಲು ಬಂದದ್ದು ಹಿಂದಿಯಿಂದ, ಬಳಿಕ ತೆಲುಗಿನಿಂದ. ಮುಂದಿನ ಭಾಗಗಳಲ್ಲಿ ಕನ್ನಡದ ಧ್ವನಿ, ಕನ್ನಡದ ಸಂಭಾಷಣೆಗೆ ಎಷ್ಟು ಶ್ರದ್ಧೆ ಸಿಗುತ್ತದೆ ಎಂಬುದು ಕನ್ನಡ ಆವೃತ್ತಿಯನ್ನು ಎಷ್ಟು ಜನ ಆರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ.

ಪುಟ್ಟ ದೇಶದ ದೊಡ್ಡ ಪಾಠ

ಹೊಸ ಕಥೆಗೆ ಹಣವಿಲ್ಲ, ಹೀಗಾಗಿ ಹಳೆಯ ಹೆಸರೇ ಗತಿ ಎನ್ನುವವರಿಗೆ ಲಾಟ್ವಿಯಾ ದೇಶ ಉತ್ತರ ಕೊಟ್ಟಿದೆ. ಅಲ್ಲಿನ ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶಿಸಿದ 2024ರ 'ಫ್ಲೋ' ಚಿತ್ರದ ವೆಚ್ಚ ಸುಮಾರು 35 ಲಕ್ಷ ಯೂರೊ. ಬಳಸಿದ್ದು ಬ್ಲೆಂಡರ್ ಎಂಬ ಉಚಿತ ತಂತ್ರಾಂಶ. ಪ್ರವಾಹದಲ್ಲಿ ಸಿಲುಕಿದ ಬೆಕ್ಕು ಮತ್ತು ಅದರ ಸಹಚರ ಪ್ರಾಣಿಗಳ ಈ ಕಥೆಯಲ್ಲಿ ಒಂದೇ ಒಂದು ಮಾತೂ ಇಲ್ಲ. 2025ರ ಮಾರ್ಚ್‌ನಲ್ಲಿ ಅದು 'ಇನ್‌ಸೈಡ್ ಔಟ್ 2' ಚಿತ್ರವನ್ನೂ ಹಿಂದಿಕ್ಕಿ ಆಸ್ಕರ್ ಗೆದ್ದಿತು.

ಲಾಟ್ವಿಯಾದ ಜನಸಂಖ್ಯೆ 19 ಲಕ್ಷಕ್ಕಿಂತ ಕಡಿಮೆ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯೊಂದರ ಜನಸಂಖ್ಯೆಯೇ 19.28 ಲಕ್ಷ, ಕನ್ನಡವನ್ನು ತಾಯ್ನುಡಿಯೆಂದು ಹೇಳಿಕೊಂಡವರು 4.37 ಕೋಟಿ. ಜನಬಲ, ತಾಂತ್ರಿಕ ನೈಪುಣ್ಯ, ಕಥೆಗಳ ಸಂಪತ್ತು ಯಾವುದರಲ್ಲೂ ಕೊರತೆಯಿಲ್ಲದ ನಾಡಿಗೆ ಕೊರತೆಯಿರುವುದು ಹೊಸ ಕಥೆಯ ಮೇಲೆ ಹಣ ಹೂಡುವ ಧೈರ್ಯದ್ದು.

ಒರೆಗಲ್ಲು

ಇಷ್ಟು ಅನುಭವಗಳನ್ನು ಒಟ್ಟಿಗಿಟ್ಟು ನೋಡಿದರೆ ಮುಂದಿನ ಭಾಗ ಬೇಕೆ ಬೇಡವೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಆದರೆ ಕೆಲವು ಒರೆಗಲ್ಲುಗಳು ಕಾಣಸಿಗುತ್ತವೆ.

• ಮೊದಲ ಚಿತ್ರ ಉಳಿಸಿಹೋದ ಪ್ರಶ್ನೆ ಏನಾದರೂ ಇದೆಯೆ? 'ಟಾಯ್ ಸ್ಟೋರಿ 3' ಗೆದ್ದದ್ದು, ಆಟಿಕೆಗಳ ಒಡೆಯನಾದ ಮಗು ದೊಡ್ಡವನಾದರೆ ಅವುಗಳ ಗತಿಯೇನು ಎಂಬ ಪ್ರಶ್ನೆ ಆರಂಭದಿಂದಲೇ ಇದ್ದುದರಿಂದ.

• ಹೊಸ ಭಾಗ ಹಳೆಯದರ ಮುಕ್ತಾಯವನ್ನು ಕೆಡಿಸುತ್ತದೆಯೆ? ಪುಣ್ಯಕೋಟಿಯಂಥ ಕಥೆಗಳಿಗೆ ಈ ಅಪಾಯ ಹೆಚ್ಚು.

• ಮೊದಲ ಭಾಗ ನೋಡದ ಮಗುವಿಗೂ ಅದು ಅರ್ಥವಾಗುತ್ತದೆಯೆ? ದಶಾವತಾರದಂಥ ಮಾಲಿಕೆಗಳು ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲಬಲ್ಲವು.

• ಅದರ ಗಳಿಕೆಯಲ್ಲಿ ಒಂದು ಪಾಲಾದರೂ ಹೊಸ ಕಥೆಗೆ ಹರಿಯುತ್ತದೆಯೆ? ಹರಿಯದಿದ್ದರೆ ನಾಳೆ ಮುಂದುವರಿಸಲು ಯೋಗ್ಯವಾದ ಮೊದಲ ಭಾಗವೇ ಇರುವುದಿಲ್ಲ.

ಕೊನೆಯ ಅಂಶ ಎಲ್ಲಕ್ಕಿಂತ ಮುಖ್ಯವಾದುದು. ಪ್ರತಿಯೊಂದು ಉತ್ತರಭಾಗದ ಹಿಂದೆಯೂ ಯಾರೋ ಒಮ್ಮೆ ಧೈರ್ಯ ಮಾಡಿ ಹೇಳಿದ ಹೊಸ ಕಥೆಯಿದೆ. 1995ರಲ್ಲಿ 'ಟಾಯ್ ಸ್ಟೋರಿ' ಯಾವುದರ ಮುಂದುವರಿಕೆಯೂ ಆಗಿರಲಿಲ್ಲ. 'ಮಹಾವತಾರ' ಸರಣಿ 2037ರವರೆಗೆ ನಡೆಯಲಿ, ಗೆಲ್ಲಲಿ. ಆ ವೇಳೆಗೆ ಅದೇ ನಾಡಿನ ಕಲಾವಿದರ ಕೈಯಿಂದ, ಯಾವ ಸರಣಿಗೂ ಸೇರದ, ಕನ್ನಡದಲ್ಲೇ ಹುಟ್ಟಿ ಕನ್ನಡದಲ್ಲೇ ಮಾತನಾಡುವ ಒಂದಾದರೂ ಹೊಸ ಚಿತ್ರ ಚಂದ್ರಬಂಡದ ಮಕ್ಕಳನ್ನು ತಲುಪಿದರೆ, ಅದರ ಮುಂದಿನ ಭಾಗ ಬೇಕೋ ಬೇಡವೋ ಎಂಬುದನ್ನು ಆ ಮಕ್ಕಳೇ ತೀರ್ಮಾನಿಸಿಯಾರು.